ಮಲ್ಕೋವಾಲದ ಸೀಸೆ

ಔಷಧದ ಸೀಸೆಯ ಆಯುಸ್ಸು ಅಲ್ಪವಾದದ್ದು. ತುಂಬಿದ ದಿನದಿಂದ ಬರಿದಾಗುವ ದಿನದವರೆಗೆ ಅದಕ್ಕೊಂದು ಬೆಲೆ. ಆಮೇಲೆ ಅದು ಅಡುಗೆಮನೆಯ ಗೂಡಿನಲ್ಲಿ ಹರಳೆಣ್ಣೆಯನ್ನೋ ಸೀಮೆಎಣ್ಣೆಯನ್ನೋ ತುಂಬಿಕೊಂಡು ಕೆಲವು ಕಾಲ ನಿಲ್ಲುತ್ತದೆ, ಇಲ್ಲವೆ ನೇರವಾಗಿ ತಿಪ್ಪೆಯನ್ನು ಸೇರುತ್ತದೆ. ಹೀಗಿರಲಾಗಿ, ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಬರಿದಾದ ಒಂದು ಸೀಸೆಯ ಗುರುತಿನ ಅಂಕೆಯನ್ನು ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಈ ಹೊತ್ತಿಗೂ ತಪ್ಪದೆ ನಮೂದಿಸುತ್ತ ಬಂದಿದ್ದಾರೆ. ಆ ಅಂಕೆ 53-ಎನ್. ಮುಂಬಯಿಯ ಪರೇಲಿನಲ್ಲಿ ತುಂಬಿ ಬಿರಡೆ ಬಿಗಿದು ಪಂಜಾಬಿಗೆ ಕಳುಹಿಸಿದ ಆ ಸೀಸೆಯನ್ನು 1902ನೆಯ ಇಸವಿಯ ಅಕ್ಟೋಬರ್ 30ರಂದು ಮಲ್ಕೋವಾಲವೆಂಬ ಹಳ್ಳಿಯಲ್ಲಿ ತೆರೆದರು. ಪ್ಲೇಗು ಬಾರದಿರಲೆಂದು ಅದರೊಳಗಿನ ಮದ್ದನ್ನು ಚುಚ್ಚಿಸಿಕೊಂಡವರು ಹತ್ತೊಂಬತ್ತು ಮಂದಿ. ಹತ್ತೊಂಬತ್ತು ಮಂದಿಯೂ ಧನುರ್ವಾಯುವಿನಿಂದ ಸತ್ತರು.

ಮಲ್ಕೋವಾಲವು ಅಂದಿನ ಪಂಜಾಬ್ ಪ್ರಾಂತದ ಗುಜ್ರಾತ್ ಎಂಬ ಜಿಲ್ಲೆಯಲ್ಲಿತ್ತು. ಹೆಸರಿನ ಸಾಮ್ಯದಿಂದ ಇದನ್ನು ನಮ್ಮ ಪಶ್ಚಿಮ ತೀರದ ಗುಜರಾತೆಂದು ಭ್ರಮಿಸಬಾರದು. ಈಗ ಆ ಊರು ಪಾಕಿಸ್ತಾನಕ್ಕೆ ಸೇರಿದೆ. ಅಲ್ಲಿ ನಡೆದ ಆ ಒಂದು ದಿನದ ಪ್ರಮಾದ, ಅದರ ಮೇಲೆ ಕುಳಿತ ವಿಚಾರಣೆ, ಆ ವಿಚಾರಣೆ ಒಬ್ಬ ಮಹಾಪುರುಷನ ಬಾಳನ್ನು ಮುರಿದ ರೀತಿ, ಇವೆಲ್ಲವೂ ಲೋಕಕ್ಕೆ ತಕ್ಕಮಟ್ಟಿಗೆ ತಿಳಿದ ಸಂಗತಿಗಳೇ. ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವುದು ಅವುಗಳ ಹಿಂದಿರುವ ಬೇರೊಂದು ಸಂಗತಿ. ರೋಗಿಯ ಹಿತವನ್ನೇ ಬಯಸಿದ ಕೈಯಿಂದ ರೋಗಿಗೆ ಕೇಡಾದಾಗ, ಆ ಕೇಡನ್ನು ಕುರಿತು ನಾವು ಮೊತ್ತಮೊದಲು ಕೇಳುವ ಪ್ರಶ್ನೆ ಯಾವುದು? ‘ಯಾರು ಮಾಡಿದರು’ ಎಂದೇ, ‘ಹೇಗೆ ನಡೆಯಿತು’ ಎಂದೇ? ಮಲ್ಕೋವಾಲದಲ್ಲಿ ಕೇಳಿದ ಪ್ರಶ್ನೆ ಒಂದು. ಸುಮಾರು ಇಪ್ಪತ್ತೈದು ವರ್ಷಗಳ ತರುವಾಯ ಸಮುದ್ರದಾಚೆಯ ಇನ್ನೊಂದು ಊರಿನಲ್ಲಿ ಇಂಥದೇ ಮತ್ತೊಂದು ಸೀಸೆಯ ಮುಂದೆ ಕುಳಿತವರು ಕೇಳಿದ ಪ್ರಶ್ನೆ ಇನ್ನೊಂದು.

ಮೊದಲು ಆ ಮದ್ದಿನ ಜನ್ಮವೃತ್ತಾಂತ.

ವಾಲ್ಡೆಮಾರ್ ಹಾಫ್‌ಕಿನ್ 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮೆಚ್ನಿಕಾಫರ ಶಿಷ್ಯರಾಗಿದ್ದು, ಮುಂದೆ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯನ್ನು ಸೇರಿ, ಕಾಲರಾ ರೋಗಕ್ಕೆ ಒಂದು ಲಸಿಕೆಯನ್ನು ಸಿದ್ಧಪಡಿಸಿ 1892ರ ಜುಲೈ ತಿಂಗಳಿನಲ್ಲಿ ಅದನ್ನು ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಕಲ್ಕತ್ತೆಯ ಕೊಳೆಗೇರಿಗಳಲ್ಲಿ ತಿರುಗಿ ಆ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದರು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ತಲೆದೋರಿತು. ಅಕ್ಟೋಬರಿನಲ್ಲಿ ಸರ್ಕಾರವು ಹಾಫ್‌ಕಿನ್ನರನ್ನು ಅಲ್ಲಿಗೆ ಕರೆಸಿ, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೊಠಡಿಯನ್ನೂ ಅದರ ಹೊರಗಿನ ಮೊಗಸಾಲೆಯನ್ನೂ ಬಿಟ್ಟುಕೊಟ್ಟಿತು. ಅಷ್ಟರೊಳಗೆ ಅವರು ಮಾಡಿದ ಕೆಲಸದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯೋಗ್ಯ. ಗೋಮಾಂಸವನ್ನಾಗಲಿ ಹಂದಿಯ ಮಾಂಸವನ್ನಾಗಲಿ ಮುಟ್ಟದ ಜನರ ಮೈಯೊಳಕ್ಕೆ ಹೋಗತಕ್ಕ ಮದ್ದು ಇದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಆಡಿನ ಮಾಂಸದಿಂದ ಸಾರು ತೆಗೆದರು; ಅದರ ಮೇಲೆ ತುಪ್ಪದ ಕೆಲವು ಹನಿಗಳನ್ನು ತೇಲಿಬಿಟ್ಟರು; ಪ್ಲೇಗಿನ ಸೂಕ್ಷ್ಮಜೀವಿಗಳು ಆ ತುಪ್ಪದ ತಳಕ್ಕೆ ಅಂಟಿಕೊಂಡು, ಗವಿಯ ಮಾಡಿನಿಂದ ಸುಣ್ಣದ ಕೊನೆಗಳು ಇಳಿಬೀಳುವ ಹಾಗೆ, ಸಾರಿನೊಳಕ್ಕೆ ಎಳೆಯೆಳೆಯಾಗಿ ಜೋತುಬಿದ್ದು ಬೆಳೆದುವು. ಪಾತ್ರೆಯನ್ನು ಅಲುಗಿಸಿದರೆ ಎಳೆಗಳು ಕಳಚಿ ತಳಕ್ಕೆ ಇಳಿಯುತ್ತಿದ್ದುವು, ಮತ್ತೆ ಹೊಸ ಎಳೆಗಳು ಬೆಳೆಯುತ್ತಿದ್ದುವು. ವಾರಗಟ್ಟಲೆ ಹೀಗೆ ಬೆಳೆಸಿದ ಬೆಳೆಯನ್ನು ಹದವಾಗಿ ಕಾಯಿಸಿ ಜೀವಿಗಳನ್ನು ಕೊಂದು, ನೂರಕ್ಕೆ ಅರೆಪಾಲಿನಷ್ಟು ಕಾರ್ಬಾಲಿಕ್ ಆಮ್ಲವನ್ನು ಸೇರಿಸಿದರೆ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಅದನ್ನು ಅವರು ತಮ್ಮ ಮೈಗೇ ಚುಚ್ಚಿಸಿಕೊಂಡು ಜ್ವರವನ್ನನುಭವಿಸಿದರು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ತಾವಾಗಿ ಮುಂದೆ ಬಂದ ಕೈದಿಗಳಿಗೆ ಅದನ್ನು ಹಾಕಿ ಅದರ ಗುಣವನ್ನು ಕಂಡುಕೊಂಡರು.

ಆ ಮದ್ದಿಗೂ ಕನ್ನಡನಾಡಿಗೂ ನಿಕಟವಾದ ಸಂಬಂಧವುಂಟು. ಧಾರವಾಡದ ಕಡೆ ಹಿಂದಿನ ತಲೆಯ ಹಿರಿಯರು ‘ಪ್ಲೇಗಿನ ವರ್ಷ’ ಎಂಬುದನ್ನು ಒಂದು ಶಕದಂತೆ ಬಳಸುತ್ತಿದ್ದರು. ಮಗು ಹುಟ್ಟಿದ್ದು, ಎತ್ತು ಕೊಂಡದ್ದು, ಮನೆ ಪಾಲಾದದ್ದು ಎಲ್ಲವೂ ಆ ವರ್ಷದ ಹಿಂದೆಯೋ ಮುಂದೆಯೋ ಆಗಿರುತ್ತಿತ್ತು. ಜನ ಊರನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇಲಿ ಬಿದ್ದ ಸುದ್ದಿಗೆ ಕಿವಿಗೊಟ್ಟು ದಿನ ಕಳೆದ ಕಾಲ ಅದು. 1898ರಲ್ಲಿ ಹುಬ್ಬಳ್ಳಿಗೆ ಮಾರಿ ಹೊಕ್ಕಾಗ ಹಾಫ್‌ಕಿನ್ನರ ಲಸಿಕೆಯನ್ನು ಇಡೀ ಊರಿಗೇ ಹಾಕುವ ಕೆಲಸ ಭಾರತದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಸ್ಥಳಗಳಲ್ಲಿ ಆ ಊರು ಒಂದಾಯಿತು. ಲ್ಯೂಮನ್ ಎಂಬ ಸರ್ಕಾರಿ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳುಗಳಲ್ಲಿ ಮೂವತ್ತು ಸಾವಿರಕ್ಕೂ ಮೀರಿದ ಜನ, ಎಂದರೆ ಊರಿನ ಬಹುಪಾಲು, ತೋಳು ನೀಡಿ ಸೂಜಿ ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೆ ಒಂದು ಚೀಟಿ. ಆ ಚೀಟಿಯಿದ್ದವರಿಗೆ ಪ್ಲೇಗಿನ ಕಟ್ಟುಕಟ್ಟಲೆಗಳಲ್ಲಿ ಕೆಲವು ಸಡಿಲ. ಸೂಜಿಯೆಂದರೆ ಬೆಚ್ಚುತ್ತಿದ್ದ, ಸರ್ಕಾರದ ಕೈ ಎಂದರೆ ಶಂಕಿಸುತ್ತಿದ್ದ ಜನ ಅಷ್ಟು ಸಂಖ್ಯೆಯಲ್ಲಿ ಬಂದದ್ದು ಬರಿಯ ಚೀಟಿಯ ಆಸೆಗಲ್ಲ. ನೆರೆಮನೆಯಲ್ಲಿ ಚುಚ್ಚಿಸಿಕೊಂಡವನು ಬದುಕಿದನು, ಚುಚ್ಚಿಸಿಕೊಳ್ಳದವನು ಹೋದನು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ರೋಗವು ಹುಬ್ಬಳ್ಳಿಯ ಕಡೆಯಿಂದ ರೈಲುಹಾದಿಯಾಗಿ ಬೆಂಗಳೂರನ್ನು ಮುಟ್ಟಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನ ಗಾಳಿಬೆಳಕಿನಲ್ಲಿ ನೆಲಸಲೆಂದು ಮಲ್ಲೇಶ್ವರ ಬಸವನಗುಡಿಗಳು ಬೇಗಬೇಗನೆ ಬೆಳೆದದ್ದು ಆ ಭಯದ ಫಲ. ಅದು ಬೇರೆಯೇ ಒಂದು ಕಥೆ.

ನಂಬಿಕೆ ಹೀಗೆ ಒಂದೊಂದು ತೋಳಿನಿಂದ ಕೂಡಿಬಂದದ್ದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಪಂಜಾಬಿಗೆ ಬರೋಣ.

1902ರ ಹೊತ್ತಿಗೆ ಪಂಜಾಬಿನಲ್ಲಿ ಪ್ಲೇಗು ಹಳ್ಳಿಹಳ್ಳಿಗೂ ಹಬ್ಬಿತ್ತು. ಆ ಚಳಿಗಾಲಕ್ಕೆ ಮುಂಚಿತವಾಗಿ ಲಕ್ಷಾಂತರ ಜನಕ್ಕೆ ಲಸಿಕೆ ಹಾಕಿಬಿಡಬೇಕೆಂದು ಅಲ್ಲಿನ ಸರ್ಕಾರ ಸಂಕಲ್ಪಿಸಿತು. ಹಾಫ್‌ಕಿನ್ನರ ಪ್ರಯೋಗಶಾಲೆ ಆಗ ಮೊದಲಿನ ಒಂದು ಕೊಠಡಿಯಲ್ಲಿರಲಿಲ್ಲ. 1899ರಿಂದ ಅದು ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ನಡೆಯುತ್ತಿತ್ತು. ಆದರೂ ಪಂಜಾಬು ಕೇಳಿದಷ್ಟು ಮದ್ದನ್ನು ಕೇಳಿದ ಹೊತ್ತಿಗೆ ಒದಗಿಸುವುದು ದುಸ್ತರವಾಗಿತ್ತು. ತಯಾರಿಕೆಯನ್ನು ಶೀಘ್ರಗೊಳಿಸುವ ಉದ್ದೇಶದಿಂದ ಹಾಫ್‌ಕಿನ್ನರು ಕ್ರಮದಲ್ಲಿ ಕೆಲವು ಮಾರ್ಪಾಟುಗಳನ್ನು ಮಾಡಿಕೊಂಡರು. ಆ ಮಾರ್ಪಾಟುಗಳಲ್ಲಿ ಒಂದು, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಕಾವಿನ ಶುದ್ಧಿಯನ್ನೇ ನೆಚ್ಚಿದ್ದು. ಶಾಸ್ತ್ರದೃಷ್ಟಿಯಿಂದ ಇದು ಅವಿವೇಕವೇನೂ ಅಲ್ಲ. ಸರಿಯಾಗಿ ಕಾಯಿಸಿ ಸರಿಯಾಗಿ ಮುಚ್ಚಿದ ಸೀಸೆಯೊಳಗೆ ಕೊಲ್ಲಬೇಕಾದ ಜೀವಿಯೇ ಉಳಿದಿರುವುದಿಲ್ಲ. ಆದರೆ ಸೀಸೆ ಎಂದೆಂದಿಗೂ ಮುಚ್ಚಿಯೇ ಇರತಕ್ಕದ್ದಲ್ಲವಷ್ಟೆ; ಅದನ್ನು ಎಲ್ಲೋ ಒಂದು ಕಡೆ, ಯಾರೋ ಒಬ್ಬರು, ಯಾವುದೋ ನೆಲದ ಮೇಲೆ ನಿಂತು ತೆರೆಯಲೇಬೇಕು.

ತೆರೆಯುವ ಆ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಸೀಸೆ ಒಬ್ಬರ ಪಾಲಿನದಲ್ಲ, ಹಲವರಿಗೆ ಸಾಲುವಷ್ಟು ಮದ್ದನ್ನು ಹಿಡಿದದ್ದು. ಅದರ ಬಾಯಿಗೆ ಬಿಗಿಯಾಗಿ ಒತ್ತಿದ ಬಿರಡೆ. ಬರಿಗೈಯಿಂದ ಮುಟ್ಟಿ ಕೀಳುವಂತಿಲ್ಲವಾಗಿ ಆ ಬಿರಡೆಯನ್ನು ಚಿಮಟದಿಂದ ಹಿಡಿದೆಳೆಯಬೇಕು. ಸರದಿಗಾಗಿ ಕಾದಿರುವ ಹಳ್ಳಿಯ ಜನ, ಒಂದರ ಮೇಲೊಂದು ಸೀಸೆಯನ್ನು ತೆರೆಯುತ್ತಿರುವ ಸಹಾಯಕ, ಸೂಜಿ ಚುಚ್ಚುತ್ತಿರುವ ಎಲಿಯಟ್ ಎಂಬ ವೈದ್ಯರು. ಆ ದಿನ ಅಲ್ಲಿ ಲಸಿಕೆ ಹಾಕಿಸಿಕೊಂಡವರು ನೂರೇಳು ಮಂದಿ. ಹೀಗೆ ಕೆಲಸ ಸಾಗುತ್ತಿರಲು ಸಹಾಯಕನ ಕೈಯಿಂದ ಚಿಮಟ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನೆತ್ತಿ, ಪಕ್ಕದಲ್ಲಿದ್ದ ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಆಡಿಸಿ, ಅದರಿಂದಲೇ ಬಿರಡೆಯನ್ನು ತೆಗೆದನು.

ನಡೆದದ್ದು ಇಷ್ಟೇ, ಕಾಲವಾದರೂ ಅರ್ಧ ನಿಮಿಷವನ್ನು ಮೀರಿರಲಾರದು. ದನಕರುಗಳೂ ಕುದುರೆಗಳೂ ಓಡಾಡುವ ಹಳ್ಳಿಯ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಕಣಗಳು ವರ್ಷಗಟ್ಟಲೆ ಜೀವ ಹಿಡಿದು ಮಲಗಿರುತ್ತವೆ. ಬಿಸಿಲು ಒಣಗಿಸಿದರೂ ಅವು ಸಾಯವು. ಕಾರ್ಬಾಲಿಕ್ ನೀರಿನಲ್ಲಿ ಒಂದು ಕ್ಷಣ ಅದ್ದಿದರೆ ಅವಕ್ಕೆ ಏನೂ ಆಗದು. ಚಿಮಟವನ್ನು ಉರಿಯಲ್ಲಿ ಹಿಡಿದು ಕಾಯಿಸಿದ್ದರೆ ಮಾತ್ರ ಸುಟ್ಟುಹೋಗುತ್ತಿದ್ದುವು. ಚಿಮಟ ಬಿದ್ದದ್ದನ್ನು ಕಂಡು ಅದನ್ನು ನೀರಿನಲ್ಲಿ ಅದ್ದಿದ ಆ ಸಹಾಯಕನನ್ನು ನಾನು ಉದಾಸೀನನೆನ್ನಲಾರೆ. ಉದಾಸೀನನಾಗಿದ್ದರೆ ಅವನು ಅದ್ದುತ್ತಲೇ ಇರಲಿಲ್ಲ. ಶುಚಿ ಮಾಡಬೇಕೆಂಬ ಅರಿವು ಅವನಿಗಿತ್ತು. ಎಷ್ಟು ಮಾಡಿದರೆ ಶುಚಿಯಾಯಿತು ಎಂಬ ಅರಿವು ಇರಲಿಲ್ಲ, ಅಥವಾ ಇದ್ದರೂ ಎದುರಿಗೆ ನಿಂತಿದ್ದ ಸಾಲು ಅದನ್ನು ಮರೆಸಿತು.

ಒಂದು ವಾರ ಕಳೆಯಿತು. ಆ ಮೇಲೆ ಒಬ್ಬೊಬ್ಬರಾಗಿ ಹತ್ತೊಂಬತ್ತು ಮಂದಿಗೂ ದವಡೆ ಬಿಗಿಯಿತು. ಧನುರ್ವಾಯುವಿನ ಸಾವನ್ನು ಕಂಡವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ, ಕಾಣದವರಿಗೆ ಬಣ್ಣಿಸುವುದು ಬೇಡ. ಬೆನ್ನು ಬಿಲ್ಲಾಗಿ ಬಾಗುವುದರಿಂದಲೇ ಆ ಹೆಸರು ಬಂದದ್ದೆಂಬುದು ಸಾಕು. ಅಂದು ಉಳಿದ ಸೀಸೆಗಳಿಂದ ಚುಚ್ಚಿಸಿಕೊಂಡ ಎಂಬತ್ತೆಂಟು ಮಂದಿಗೆ ಏನೂ ಆಗಲಿಲ್ಲ. ಹೀಗೆ ಕೇಡೆಲ್ಲವೂ ಒಂದೇ ಸೀಸೆಗೆ ಬಂದು ನಿಂತಿತು. ಕಾಯಿಲೆಯಿಲ್ಲದವರು, ಕಾಯಿಲೆ ಬಾರದಿರಲೆಂದು ಕೈ ನೀಡಿದವರು, ನೀಡಿದ ಕಾರಣದಿಂದಲೇ ಸತ್ತರು. ವೈದ್ಯವೃತ್ತಿಯಲ್ಲಿ ಇದಕ್ಕಿಂತ ದಾರುಣವಾದ ಪ್ರಮಾದ ಇನ್ನಾವುದಿದ್ದೀತು?

ಸರ್ಕಾರವು ವಿಚಾರಣೆಗೆ ಒಂದು ಆಯೋಗವನ್ನು ನೇಮಿಸಿತು. ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಸರ್ ಲಾರೆನ್ಸ್ ಜೆಂಕಿನ್ಸ್ ಅದರ ಅಧ್ಯಕ್ಷರು; ಜೊತೆಗೆ ಇಬ್ಬರು ವೈದ್ಯರು. ಸೀಸೆಯನ್ನು ತೆರೆಯುವುದಕ್ಕೆ ಮುಂಚೆಯೇ, ಎಂದರೆ ಪರೇಲಿನ ಪ್ರಯೋಗಶಾಲೆಯಲ್ಲಿಯೇ, ವಿಷಜೀವಿ ಒಳಹೊಕ್ಕಿತ್ತೆಂದು ಆ ಆಯೋಗ ನಿರ್ಣಯಿಸಿತು. ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟದ್ದು ಆ ನಿರ್ಣಯಕ್ಕೆ ಬಲವಾಯಿತು. ಹಾಫ್‌ಕಿನ್ನರನ್ನು ಅಧಿಕಾರದಿಂದ ದೂರವಿಟ್ಟರು. ತಮ್ಮ ಕೈಯಿಂದ ಕಟ್ಟಿದ ಪ್ರಯೋಗಶಾಲೆಯನ್ನು ಬಿಟ್ಟು ಅವರು 1904ರಲ್ಲಿ ಇಂಗ್ಲೆಂಡಿಗೆ ಹೋದರು. ಸಾಕ್ಷ್ಯಗಳೆಲ್ಲವೂ ಬಹಿರಂಗಕ್ಕೆ ಬಂದದ್ದು 1906ರ ಕೊನೆಯಲ್ಲಿ. ಅಷ್ಟು ವರ್ಷ ಅವರು ಕಳಂಕವನ್ನು ಹೊತ್ತುಕೊಂಡೇ ಇರಬೇಕಾಯಿತು.

ಸಾಕ್ಷ್ಯಗಳು ಹೊರಬಂದ ಮೇಲೆ ಅವನ್ನು ಓದಿದ ವಿಜ್ಞಾನಿಗಳು ತಳಮಳಗೊಂಡರು. ಅವರಲ್ಲಿ ಅಗ್ರಗಣ್ಯರು ರೊನಾಲ್ಡ್ ರಾಸ್. ಮಲೇರಿಯಾದ ಗುಟ್ಟನ್ನು ಕಂಡುಹಿಡಿದು 1902ರಲ್ಲಿಯೇ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಈ ರಾಸರು ಹಿಂದೊಮ್ಮೆ, 1895ರಲ್ಲಿ, ಕಾಲರಾ ಹಾವಳಿಯ ಕಾಲಕ್ಕೆ ನಮ್ಮ ಬೆಂಗಳೂರಿನ ನೈರ್ಮಲ್ಯದ ಹೊಣೆಯನ್ನು ಹೊತ್ತವರು. ಭಾರತದ ಸರ್ಕಾರಿ ವೈದ್ಯಶಾಖೆಯ ಒಳಹೊರಗುಗಳನ್ನೆಲ್ಲ ಅನುಭವದಿಂದ ಬಲ್ಲವರು. ಅವರೂ ಅವರಂಥ ಹಲವು ತಜ್ಞರೂ 1907ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದು ಆಯೋಗದ ತೀರ್ಮಾನವನ್ನು ಪ್ರಶ್ನಿಸಿದರು. ಅವರ ತರ್ಕ ಸರಳವಾಗಿತ್ತು. ಧನುರ್ವಾಯುವಿನ ಜೀವಿ ಗಾಳಿಯಿಲ್ಲದ ಮುಚ್ಚಿದ ಸೀಸೆಯಲ್ಲಿ, ಅದಕ್ಕೆ ಹಿತವಾದ ಆಹಾರದಲ್ಲಿ, ತುಂಬಿದ ದಿನದಿಂದ ತೆರೆದ ದಿನದವರೆಗೆ ಸುಮಾರು ಆರು ವಾರ ಬೆಳೆದಿದ್ದರೆ, ಬಿರಡೆ ತೆಗೆದೊಡನೆ ಮೂಗಿಗೆ ದುರ್ಗಂಧ ಹೊಡೆಯಬೇಕಾಗಿತ್ತು; ಸೀಸೆಯಲ್ಲಿ ಅಂಥ ವಾಸನೆಯೇನೂ ಇರಲಿಲ್ಲ. ಆರು ವಾರದ ವಿಷವು ಸೀಸೆಯಲ್ಲಿ ತುಂಬಿದ್ದರೆ ರೋಗವು ಬಲುಬೇಗನೆ ತೋರಬೇಕಾಗಿತ್ತು. ಅದಕ್ಕೆ ಒಂದು ವಾರವೇ ಹಿಡಿಯಿತು. ಬೀಜಕಣಗಳು ಆಗತಾನೆ ಒಳಹೊಕ್ಕು, ಮೈಯೊಳಗೆ ಸೇರಿದ ಮೇಲೆ ಮೊಳೆತವು ಎಂದರೆ ಮಾತ್ರ ಈ ಎರಡೂ ಸಂಗತಿಗಳು ಹೊಂದಿಕೊಳ್ಳುತ್ತವೆ. ಅಲ್ಲದೆ ಚಿಮಟ ನೆಲಕ್ಕೆ ಬಿದ್ದ ಸಂಗತಿಯಂತೂ ಸಾಕ್ಷ್ಯದಲ್ಲಿ ಕಣ್ಣೆದುರಿಗೇ ಇತ್ತು.

ಸರ್ಕಾರ ಕೊನೆಗೆ ಮಣಿಯಿತು. 1907ರ ಕೊನೆಯಲ್ಲಿ ಹಾಫ್‌ಕಿನ್ನರು ದೋಷಮುಕ್ತರಾಗಿ ಭಾರತಕ್ಕೆ ಮರಳಿ ಬಂದು ಕಲ್ಕತ್ತೆಯಲ್ಲಿ ಕೆಲಸ ಮಾಡಿ 1914ರಲ್ಲಿ ನಿವೃತ್ತರಾದರು. ಯೆಹೂದಿಯೊಬ್ಬನ ಮೇಲೆ ಹೊರಿಸಿದ ಮಿಥ್ಯಾಪವಾದವೆಂಬ ಸಾಮ್ಯದಿಂದ ಇದನ್ನು ಫ್ರಾನ್ಸಿನ ಡ್ರೇಫಸ್ ಪ್ರಕರಣದ ಕಿರಿಯ ಪ್ರತಿರೂಪವೆಂದು ಕರೆದವರುಂಟು. ಪರೇಲಿನ ಸಂಸ್ಥೆಗೆ 1925ರಲ್ಲಿ ಅವರ ಹೆಸರನ್ನೇ ಇಟ್ಟರು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಅವರು ತೀರಿಕೊಂಡರು.

ಚರಿತ್ರಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ: ನಿರಪರಾಧಿ ಗೆದ್ದನು. ನನಗೆ ಇಲ್ಲಿ ನಿಲ್ಲಲು ಮನಸ್ಸು ಬಾರದು. ಹಾಫ್‌ಕಿನ್ನರನ್ನು ಬಿಡಿಸಿದ ವಾದವೂ ಕಟ್ಟಿಹಾಕಿದ ವಾದವೂ ಒಂದೇ ನೆಲದ ಮೇಲೆ ನಿಂತಿದ್ದುವು. ಎರಡಕ್ಕೂ ಬೇಕಾಗಿದ್ದದ್ದು ಒಬ್ಬ ಅಪರಾಧಿ. ಅಪರಾಧಿ ಪರೇಲಿನಲ್ಲಿದ್ದಾನೆಂದು ಒಬ್ಬರು ಹೇಳಿದರೆ ಮಲ್ಕೋವಾಲದಲ್ಲಿದ್ದಾನೆಂದು ಮತ್ತೊಬ್ಬರು ಹೇಳಿದರು. ಐದು ವರ್ಷಗಳ ಆ ವಾಗ್ವಾದದಲ್ಲಿ ಸೀಸೆಯನ್ನು ಕುರಿತು ಯಾರೂ ಆವೇಶದಿಂದ ಮಾತನಾಡಲಿಲ್ಲ. ಹಲವು ಜನಕ್ಕೆ ಸಾಲುವಷ್ಟು ಮದ್ದನ್ನು ಒಂದೇ ಪಾತ್ರೆಯಲ್ಲಿ ತುಂಬಿ, ಚಿಮಟವಿಲ್ಲದೆ ತೆರೆಯಲಾಗದ ಬಿರಡೆಯನ್ನು ಅದಕ್ಕೆ ಬಿಗಿದು, ಮಣ್ಣಿನ ನೆಲದ ಹಳ್ಳಿಗೆ ಕಳುಹಿಸಿ, ನೂರು ಜನರ ಸಾಲಿನ ಮುಂದೆ ತೆರೆಯಿರಿ ಎಂದರೆ, ಯಾವತ್ತೋ ಒಂದು ದಿನ ಯಾರದೋ ಕೈಯಿಂದ ಚಿಮಟ ಜಾರಿಯೇ ಜಾರುತ್ತದೆ. ಅಂದು ಆ ಸಹಾಯಕನ ಕೈ ಜಾರಿತು. ಇನ್ನೊಬ್ಬನನ್ನು ಅಲ್ಲಿ ನಿಲ್ಲಿಸಿದ್ದರೆ ಇನ್ನೊಂದು ದಿನ ಇನ್ನೊಂದು ಊರಿನಲ್ಲಿ ಜಾರುತ್ತಿತ್ತು.

ಇನ್ನೂ ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಚಿಮಟ ಬಿದ್ದದ್ದು ಜಗತ್ತಿಗೆ ತಿಳಿದದ್ದು ಹೇಗೆ? ಬೀಳುವಾಗ ಅದನ್ನು ಬರೆದಿಟ್ಟುಕೊಂಡ ಗುಮಾಸ್ತನಿರಲಿಲ್ಲ. ಸತ್ತವರು ಬಂದು ಹೇಳುವಂತಿರಲಿಲ್ಲ. ಅಂದು ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದರಿಂದ ತಿಳಿಯಿತು. ಹತ್ತೊಂಬತ್ತು ಹೆಣಗಳು ಹೋದ ಊರಿನ ವಿಷಯದಲ್ಲಿ, ಮುಖ್ಯ ನ್ಯಾಯಾಧೀಶರೇ ಪೀಠದಲ್ಲಿ ಕುಳಿತಿರುವಾಗ, ‘ಹೌದು, ಬಿದ್ದಿತು’ ಎಂಬ ಮಾತು ಬಾಯಿಂದ ಹೊರಡಬೇಕಾದರೆ ಎಂಥ ಧೈರ್ಯ ಬೇಕು! ಆ ಒಂದು ಮಾತು ಮುಚ್ಚಿಹೋಗಿದ್ದರೆ ರಾಸರ ಪಾಂಡಿತ್ಯವೆಲ್ಲ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಹಾಫ್‌ಕಿನ್ನರ ಹೆಸರಿನಲ್ಲಿ ಸಂಸ್ಥೆಯಿದೆ, ಅಂಚೆಚೀಟಿಯಿದೆ, ಅದು ಸಲ್ಲತಕ್ಕದ್ದೇ. ಈ ಮಾತನ್ನು ಆಡಿದವರಿಗೂ ನಮ್ಮ ಸ್ಮರಣೆಯಲ್ಲಿ ಒಂದಿಷ್ಟು ಸ್ಥಳ ಇರಬೇಕೆಂದು ನನ್ನ ಆಸೆ.

ಪ್ರಮಾದದ ಬೆಲೆಯನ್ನು ಹತ್ತೊಂಬತ್ತಕ್ಕೇ ನಿಲ್ಲಿಸಿ ಎಣಿಸುವಂತಿಲ್ಲ. ಮಲ್ಕೋವಾಲದ ಸುದ್ದಿ ಹಬ್ಬಿದಂತೆ ಪಂಜಾಬಿನ ಲಸಿಕೆಯ ಕಾರ್ಯ ಕುಗ್ಗಿತು. ತೋಳು ನೀಡುತ್ತಿದ್ದ ಜನ ಹಿಂಜರಿದರು. ಅವರನ್ನು ಹಳಿಯಲು ಯಾರಿಗೆ ತಾನೆ ಬಾಯಿ ಬಂದೀತು? ಅತ್ತ ಪ್ಲೇಗು ಏರುತ್ತಲೇ ಹೋಗಿ, 1907ರಲ್ಲಿ ಭಾರತದಲ್ಲೆಲ್ಲ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಒಯ್ದಿತು. ಅವರಲ್ಲಿ ಅತ್ಯಧಿಕ ಭಾಗ ಪಂಜಾಬಿನವರು.

ವೈದ್ಯರ ಪ್ರಮಾದಗಳು ಒಂದು ದೇಶದ ಗಡಿಯೊಳಗೆ ಇರತಕ್ಕವಲ್ಲ. ಅವುಗಳ ಪಾಠ ಮಾತ್ರ ಗಡಿ ದಾಟಲು ಬಹಳ ಕಾಲ ಹಿಡಿಯುತ್ತದೆ. ಮಲ್ಕೋವಾಲಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ, 1901ರ ಶರತ್ಕಾಲದಲ್ಲಿ, ಅಮೆರಿಕೆಯ ಸೇಂಟ್ ಲೂಯಿಸ್ ನಗರದಲ್ಲಿ ಗಂಟಲಮಾರಿಗೆ ಕೊಟ್ಟ ರಕ್ತರಸದಿಂದ ಹದಿಮೂರು ಮಕ್ಕಳು ಧನುರ್ವಾಯು ಹತ್ತಿ ಸತ್ತಿದ್ದರು. ಆ ರಸವನ್ನು ಕೊಟ್ಟದ್ದು ಜಿಮ್ ಎಂಬ ಕುದುರೆ, ಮೊದಲು ಹಾಲಿನ ಗಾಡಿಯನ್ನು ಎಳೆಯುತ್ತಿದ್ದದ್ದು. ಕುದುರೆಗೇ ಧನುರ್ವಾಯು ತಗಲಿದ್ದಿತು, ರಸವನ್ನು ಪರೀಕ್ಷಿಸದೆ ಹಂಚಿದ್ದರು. ಅಲ್ಲಿನ ಜನ ಹಂಚಿದವರನ್ನು ದೂರಿ ಸುಮ್ಮನಾಗದೆ, ಇಂಥ ಮದ್ದುಗಳನ್ನು ತಯಾರಿಸುವ ಕಡೆಗಳಲ್ಲೆಲ್ಲ ತಪಾಸಣೆ ನಡೆಯಲೇಬೇಕೆಂದು 1902ರ ಜುಲೈ 1ರಂದು ಶಾಸನವನ್ನು ಮಾಡಿಕೊಂಡರು. ಆ ಶಾಸನಕ್ಕೂ 53-ಎನ್ ಸೀಸೆ ತೆರೆದುದಕ್ಕೂ ನಡುವೆ ನಾಲ್ಕೇ ತಿಂಗಳು.

ನಾನು ಮೊದಲಿಗೆ ಸೂಚಿಸಿದ ಇನ್ನೊಂದು ಊರು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿರುವ ಬಂಡಬರ್ಗ್; ಕಬ್ಬು ಬೆಳೆಯುವ ಬಿಸಿಲಿನ ಸೀಮೆ. 1928ರ ಜನವರಿ, ಅಲ್ಲಿ ಕಡುಬೇಸಿಗೆ. ಮಕ್ಕಳಿಗೆ ಗಂಟಲಮಾರಿ ಬಾರದಂತೆ ಮದ್ದು ಚುಚ್ಚುವ ಏರ್ಪಾಡು ನಡೆದಿತ್ತು. ಅಷ್ಟು ಹೊತ್ತಿಗೆ ಬಿರಡೆಯ ಕಾಲ ಹೋಗಿ ಸೀಸೆಗೆ ರಬ್ಬರಿನ ಮುಚ್ಚಳ ಬಂದಿತ್ತು. ಸೂಜಿಯನ್ನು ಅದರೊಳಗೇ ತೂರಿಸಿ ಮದ್ದನ್ನು ಎಳೆದುಕೊಳ್ಳಬಹುದಾಗಿತ್ತು, ಚಿಮಟ ಬೇಕಾಗಿರಲಿಲ್ಲ. ಒಂದು ಅಪಾಯವನ್ನು ಕಳೆದ ಆ ರಬ್ಬರು ಇನ್ನೊಂದನ್ನು ತಂದಿತು. ತೆರೆದ ಸೀಸೆಯನ್ನು ಅಂದೇ ಮುಗಿಸಬೇಕೆಂಬುದು ತಪ್ಪಿ, ಇಂದು ಕೊಂಚ, ನಾಲ್ಕು ದಿನ ಬಿಟ್ಟು ಕೊಂಚ, ಹೀಗೆ ತೆಗೆದು ಬಳಸುವುದು ಸುಲಭವಾಯಿತು. ಜನವರಿ 17ರಿಂದ ಮೊದಲ್ಗೊಂಡು ಹಲವು ಸಲ ಸೂಜಿ ಹೊಕ್ಕು ಹೊರಬಂದ, ತಂಪಿಲ್ಲದ ಜಾಗದಲ್ಲಿಟ್ಟಿದ್ದ ಅಂಥದೊಂದು ಸೀಸೆಯಿಂದ 27ರಂದು ಇಪ್ಪತ್ತೊಂದು ಮಕ್ಕಳಿಗೆ ಮದ್ದು ಹಾಕಿದರು. ಹಿಂದಿನ ದಿನಗಳಲ್ಲಿ ಅದೇ ಸೀಸೆಯಿಂದ ಹಾಕಿಸಿಕೊಂಡ ಮಕ್ಕಳು ಆಡಿಕೊಂಡಿದ್ದರು. 27ರಂದು ಹಾಕಿಸಿಕೊಂಡವರಲ್ಲಿ ಹದಿನೆಂಟು ಮಕ್ಕಳು ಹಾಸಿಗೆ ಹಿಡಿದರು. ಹನ್ನೆರಡು ಮಕ್ಕಳು ಸತ್ತರು. ಒಂದೇ ಮನೆಯ ಮೂವರು ಗಂಡುಮಕ್ಕಳು ಅವರಲ್ಲಿ ಸೇರಿದ್ದರು.

ಇಲ್ಲಿಯೂ ಆಯೋಗವೊಂದು ಕುಳಿತಿತು. ಮೆಲ್ಬರ್ನ್ ನಗರದ ಹಾಲ್ ಸಂಶೋಧನ ಸಂಸ್ಥೆಯ ನಿರ್ದೇಶಕರಾದ ಚಾರ್ಲ್ಸ್ ಕ್ಯಾಲವೇ ಅದರ ಮುಖ್ಯಸ್ಥರು. ಜೊತೆಗಿದ್ದ ಇಬ್ಬರೂ ರೋಗವಿಜ್ಞಾನಿಗಳೇ. ಅವರ ಮುಂದೆ ಸೂಜಿ ಹಾಕಿದ ವೈದ್ಯನಿದ್ದನು; ಸೀಸೆಯನ್ನು ತಂಪಿನಲ್ಲಿಡಲಿಲ್ಲವೆಂದು ಅವನ ಕಡೆಗೆ ಬೆರಳು ತೋರಿ, ಮನೆಗೆ ಹೋಗಬಹುದಾಗಿತ್ತು. ಊರಿನ ದುಃಖವೂ ಕೋಪವೂ ಅದನ್ನೇ ಬಯಸಿದ್ದರೆ ಆಶ್ಚರ್ಯವಿಲ್ಲ. ಅವರು ಹಾಗೆ ಮಾಡಲಿಲ್ಲ. ಸೀಸೆಯ ತಳದಲ್ಲಿ ಉಳಿದ ಮದ್ದನ್ನೂ ಮಕ್ಕಳ ತೋಳಿನಲ್ಲೆದ್ದ ಬಾವನ್ನೂ ಪರೀಕ್ಷಿಸಿ, ಎರಡರಲ್ಲಿಯೂ ಒಂದೇ ಜಾತಿಯ ಸೂಕ್ಷ್ಮಜೀವಿಯನ್ನು ಕಂಡರು: ಸ್ಟಾಫಿಲೊಕಾಕಸ್, ನಮ್ಮೆಲ್ಲರ ಚರ್ಮದ ಮೇಲೂ ಕುರುವಿನ ಕೀವಿನಲ್ಲೂ ಇರತಕ್ಕ ಅತಿ ಸಾಮಾನ್ಯವಾದ ಜೀವಿ. ಹಿಂದೊಂದು ದಿನ ಸೂಜಿಯ ಮೊನೆಯೊಡನೆ ಅದು ಒಳಗೆ ಸೇರಿತ್ತು. ತಡೆಯುವ ಮದ್ದು ಏನೂ ಬೆರೆಸಿರಲಿಲ್ಲವಾಗಿ ಬೇಸಗೆಯ ಸೆಕೆಯಲ್ಲಿ ಬೆಳೆದು ಕೋಟಿಯಾಗಿತ್ತು. ಅವರ ವರದಿ ಜೂನಿನ ಹೊತ್ತಿಗೆ ಪ್ರಕಟವಾಯಿತು. ರೋಗಾಣು ಬೆಳೆಯಲು ಆಸ್ಪದವುಳ್ಳ ಯಾವ ಜೈವಿಕ ಮದ್ದನ್ನೇ ಆಗಲಿ, ಪದೇ ಪದೇ ಬಳಸತಕ್ಕ ಸೀಸೆಯಲ್ಲಿ ತುಂಬುವುದಾದರೆ, ಆ ಬೆಳೆವಣಿಗೆಯನ್ನು ತಡೆಯುವಷ್ಟು ಪ್ರತಿರೋಧಕ ದ್ರವ್ಯವನ್ನು ಅದರಲ್ಲಿ ಬೆರೆಸಿಯೇ ಕಳುಹಿಸಬೇಕೆಂದು ಅವರು ಬರೆದರು.

ಎರಡು ಆಯೋಗಗಳನ್ನು ಒಟ್ಟಿಗಿಟ್ಟು ನೋಡುವಾಗ ನನಗೆ ವಿಷಾದವೂ ಸಮಾಧಾನವೂ ಒಟ್ಟೊಟ್ಟಿಗೆ ಆಗುತ್ತವೆ. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದರ ಮೇಲೆ ಜೆಂಕಿನ್ಸರ ಆಯೋಗವೂ ಬೆರಳಿಟ್ಟಿತ್ತು. ಆದರೆ ಅಲ್ಲಿ ಅದು ಒಬ್ಬರ ಮೇಲಿನ ಆರೋಪದ ಭಾಗವಾಗಿತ್ತೇ ಹೊರತು ಎಲ್ಲರೂ ಅನುಸರಿಸತಕ್ಕ ನಿಯಮವಾಗಲಿಲ್ಲ. ಆರೋಪ ಬಿದ್ದುಹೋದಾಗ ಅದರೊಡನೆ ಆ ಮಾತೂ ಬಿದ್ದುಹೋಯಿತು. ಕ್ಯಾಲವೇ ಅವರ ಕೈಯಲ್ಲಿ ಹೆಚ್ಚುಕಡಮೆ ಅದೇ ಮಾತು, ಯಾರ ತಲೆಯನ್ನೂ ಕೇಳದೆ, ಸೀಸೆ ತುಂಬುವವರೆಲ್ಲರಿಗೂ ಸಲ್ಲುವ ವಿಧಿಯಾಗಿ ಬಂದಿತು. ಹನ್ನೆರಡು ಮಕ್ಕಳನ್ನು ಅದು ಮರಳಿ ತರಲಿಲ್ಲ. ಬಂಡಬರ್ಗಿನ ಭೀತಿಯಿಂದ ಆಸ್ಟ್ರೇಲಿಯಾದಲ್ಲಿ ಗಂಟಲಮಾರಿಯ ಲಸಿಕೆ ಹಲವು ವರ್ಷ ಹಿಂದೆ ಬಿತ್ತೆಂಬುದೂ ನಿಜ. ಆದರೆ ಆ ಸೀಸೆಯ ಜೀವಿಯ ವಿಷವನ್ನು ಕುರಿತು ಕ್ಯಾಲವೇ ಅವರ ಸಂಸ್ಥೆಯಲ್ಲಿ ಸಂಶೋಧನೆಗೆ ಕುಳಿತ ತರುಣರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಒಬ್ಬರು. ದೇಹದ ರೋಗನಿರೋಧ ಶಕ್ತಿಯನ್ನು ಕುರಿತ ಕಾರ್ಯಕ್ಕಾಗಿ ಅವರು 1960ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಕೆಲಕಾಲದ ಹಿಂದೆ ಹುಬ್ಬಳ್ಳಿಗೆ ಸಮೀಪದ ಒಂದು ಹಳ್ಳಿಯ ಅಂಗನವಾಡಿಯಲ್ಲಿ, ಗುರುವಾರದ ದಿನ, ಮಕ್ಕಳಿಗೆ ಚುಚ್ಚುಮದ್ದು ಹಾಕುವುದನ್ನು ನೋಡುತ್ತ ಕುಳಿತಿದ್ದೆ. ನೀಲಿ ಪೆಟ್ಟಿಗೆಯಲ್ಲಿ ಮಂಜಿನ ಚೀಲಗಳ ನಡುವೆ ಬೆರಳುದ್ದದ ಸೀಸೆಗಳು, ಬಿರಡೆಯಿಲ್ಲ, ಚಿಮಟವಿಲ್ಲ, ಮಗುವಿಗೊಂದು ಹೊಸ ಸಿರಿಂಜು, ಒಮ್ಮೆ ಒತ್ತಿದರೆ ಮತ್ತೆ ಎಳೆಯಲು ಬಾರದಂಥದು. ದಡಾರದ ಲಸಿಕೆಯ ಸೀಸೆಯನ್ನು ತೆರೆದ ಕೂಡಲೆ ನರ್ಸು ಪೆನ್ನು ತೆಗೆದು ಅದರ ಚೀಟಿಯ ಮೇಲೆ ಹೊತ್ತನ್ನು ಬರೆದಳು: 9-50. ಆ ಲಸಿಕೆಯಲ್ಲಿ ರೋಗಾಣು ತಡೆಯುವ ದ್ರವ್ಯವನ್ನು ಬೆರೆಸುವಂತಿಲ್ಲ, ಬೆರೆಸಿದರೆ ಲಸಿಕೆಯೇ ಕೆಡುತ್ತದೆ. ಆದ್ದರಿಂದ ಕಲಸಿದ ನಾಲ್ಕು ಗಂಟೆಯ ಮೇಲೆ ಅದನ್ನು ಬಳಸಕೂಡದೆಂಬುದು ವಿಧಿ. ಮಧ್ಯಾಹ್ನ ಎಲ್ಲವನ್ನೂ ಕಟ್ಟಿಡುವ ಹೊತ್ತಿಗೆ ಹೊಲದಿಂದ ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಬೆವರುತ್ತ ಬಂದಳು. ನರ್ಸು ಗೋಡೆಯ ಗಡಿಯಾರವನ್ನು ನೋಡಿ, ಅರೆತುಂಬಿದ ಸೀಸೆಯನ್ನು ಬದಿಗಿಟ್ಟು ಪೆಟ್ಟಿಗೆಗೆ ಕೈ ಹಾಕಿದಳು.

‘ಅದರಾಗ ಇನ್ನೂ ಐತಲ್ರೀ ಅಕ್ಕಾರ, ಒಂದು ಕೂಸಿನ ಸಲುವಾಗಿ ಹೊಸಾದು ಯಾಕ ಒಡೀತೀರಿ?’ ಎಂದಳು ತಾಯಿ, ತಡವಾಗಿ ಬಂದ ಸಂಕೋಚದಿಂದ.

‘ಅದರ ಹೊತ್ತು ಮುಗದೈತವಾ’ ಎಂದು ನರ್ಸು ಹೊಸ ಸೀಸೆಯನ್ನು ತೆರೆದು, ಮಗುವಿನ ತೋಳಿಗೆ ಕೈ ಹಾಕುವ ಮುನ್ನ, ಪೆನ್ನಿಗಾಗಿ ಮೇಜಿನ ಮೇಲೆ ತಡಕಾಡಿದಳು.